ಹನ್ನೆರಡು ಮರದ ಸೈನಿಕರು ಮತ್ತು ಷಾರ್ಲೆಟ್ ಬ್ರಾಂಟೆ

ಈ ಸಲ ನಮ್ಮ ಲೇಖನ ಶುರುವಾಗೋದು ಒಂದು ಜಗಳದಿಂದ.

ಹೋದ ಸೆಮಿಸ್ಟರ್‌ನಲ್ಲಿ ನಾವು ಆರು ಜನ ಪ್ರತಿ ಶನಿವಾರ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತಾ ಇದ್ವಿ. ಗೊತ್ತಿಲ್ಲದವರಿಗೆ ಎರಡು ಮಾತು: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ, ದಾಳ ಬಿದ್ದ ಹಾಗೆ ಕಥೆ ಮುಂದಕ್ಕೆ ಹೋಗುತ್ತದೆ. ಸ್ಕ್ರೀನ್ ಬೇಡ, ವೈಫೈ ಬೇಡ. ಏಳು ವಾರ ಮಸ್ತಾಗಿ ನಡೀತು. ಎಂಟನೇ ವಾರ ನಮ್ಮಲ್ಲೊಬ್ಬ ಊರಿಗೆ ಹೋಗಿದ್ದಾಗ, ಇನ್ನೊಬ್ಬ ಕಥೆಯೊಳಗೆ ಅವನ ಪಾತ್ರವನ್ನು ಕೊಂದುಬಿಟ್ಟ. ಗೇಮ್ ತಾನೇ ಅಂತ ನಾವೆಲ್ಲಾ ನಕ್ಕೆವು. ಸೋಮವಾರ ಬಂದು ಸುದ್ದಿ ಕೇಳಿದವನು ನಗಲಿಲ್ಲ. ಆಟ ಅಲ್ಲಿಗೇ ನಿಂತಿತು. ಅವರಿಬ್ಬರ ನಡುವೆ ಮಾತೂ ನಿಂತಿತು.

ಒಂದು ಕಾಗದದ ಮೇಲಿನ ಪಾತ್ರ ಸತ್ತರೆ ಇಷ್ಟು ನೋವಾಗಬೇಕಾ? ನಾವು ಬಹಳ ದಿನ ಇದನ್ನೇ ಮಾತಾಡಿಕೊಂಡೆವು. ಆಗ ಲೈಬ್ರರಿಯಲ್ಲಿ ಸಿಕ್ಕಿದ್ದು ಷಾರ್ಲೆಟ್ ಬ್ರಾಂಟೆಯ ಜೀವನಚರಿತ್ರೆ. ಶಾಲೆಯಲ್ಲಿ ಇಂಗ್ಲಿಷ್ ಪಠ್ಯದಲ್ಲಿ ‘ಜೇನ್ ಐರ್’ ಕಾದಂಬರಿಯ ತುಣುಕು ಓದಿ ಮಾರ್ಕ್ಸ್ ತಗೊಂಡು ಮರೆತಿದ್ದೆವು. ಆದರೆ ನಮ್ಮ ರೂಮಿನಲ್ಲಿ ನಡೆದದ್ದೇ 1836ರಲ್ಲಿ ಇಂಗ್ಲೆಂಡಿನ ಒಂದು ಮನೆಯಲ್ಲೂ ನಡೆದಿತ್ತು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಷಾರ್ಲೆಟ್ ಹುಟ್ಟಿದ್ದು 1816ರ ಏಪ್ರಿಲ್ 21ರಂದು, ಯಾರ್ಕ್‌ಶೈರ್‌ನ ಥಾರ್ನ್‌ಟನ್ ಎಂಬ ಊರಿನಲ್ಲಿ. ತಂದೆ ಪ್ಯಾಟ್ರಿಕ್ ಬ್ರಾಂಟೆ ಚರ್ಚಿನ ಪಾದ್ರಿ. ಆರು ಮಕ್ಕಳು: ಮರಿಯಾ, ಎಲಿಜಬೆತ್, ಷಾರ್ಲೆಟ್, ಒಬ್ಬನೇ ಗಂಡು ಮಗ ಬ್ರ್ಯಾನ್‌ವೆಲ್, ಎಮಿಲಿ, ಆ್ಯನ್. 1820ರಲ್ಲಿ ಕುಟುಂಬ ಹಾವರ್ತ್ ಎಂಬ ಊರಿಗೆ ಬಂತು. ಮನೆಯ ಮುಂದೆ ಸ್ಮಶಾನ, ಹಿಂದೆ ಗಾಳಿ ಬೀಸುವ ಬಯಲುಗುಡ್ಡ. ಮರುವರ್ಷವೇ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಕ್ಕಳನ್ನು ನೋಡಿಕೊಳ್ಳಲು ದೊಡ್ಡಮ್ಮ ಬಂದರು.

ತಂದೆ ಒಮ್ಮೆ ಒಂದು ಪ್ರಯೋಗ ಮಾಡಿದರು. ಮಕ್ಕಳಿಗೆ ತಾವು ತೋರಿಸಿಕೊಳ್ಳೋದಕ್ಕಿಂತ ಜಾಸ್ತಿ ಗೊತ್ತಿದೆ, ಸಂಕೋಚದಿಂದ ಮಾತಾಡ್ತಿಲ್ಲ ಅಂತ ಅವರಿಗೆ ಅನುಮಾನ. ಮನೆಯಲ್ಲಿ ಒಂದು ಮುಖವಾಡ ಇತ್ತು. ಒಬ್ಬೊಬ್ಬರನ್ನೇ ಅದರ ಹಿಂದೆ ನಿಲ್ಲಿಸಿ, ಧೈರ್ಯವಾಗಿ ಉತ್ತರ ಹೇಳಿ ಅಂದರು. ಆಗ ದೊಡ್ಡವಳಿಗೆ ಸುಮಾರು 10 ವರ್ಷ, ಚಿಕ್ಕವಳಿಗೆ ಸುಮಾರು 4. ಅಲ್ಲಿವರೆಗೆ ಬಾಯಿ ಬಿಡದ ಮಕ್ಕಳು ಮುಖವಾಡದ ಹಿಂದಿನಿಂದ ದೊಡ್ಡವರ ಹಾಗೆ ಉತ್ತರ ಕೊಟ್ಟರು. ವಯಸ್ಸಾದ ಮೇಲೆ ಪ್ಯಾಟ್ರಿಕ್ ಅವರೇ ಇದನ್ನು ಎಲಿಜಬೆತ್ ಗ್ಯಾಸ್ಕೆಲ್‌ಗೆ ಹೇಳಿದರು. ಆಕೆ ಬರೆದ ಷಾರ್ಲೆಟ್ ಜೀವನಚರಿತ್ರೆ 1857ರಲ್ಲಿ ಬಂತು. ನಮಗೆ ಇಡೀ ಕಥೆಯಲ್ಲಿ ಮೊದಲು ಹಿಡಿಸಿದ್ದು ಈ ಮುಖವಾಡ. ಸುಳ್ಳು ಮುಖ ಹಾಕಿಕೊಂಡಾಗ ನಿಜ ಹೊರಗೆ ಬಂತು, ನೋಡಿ.

1824ರಲ್ಲಿ ದೊಡ್ಡ ನಾಲ್ಕು ಹೆಣ್ಣುಮಕ್ಕಳನ್ನು ಪಾದ್ರಿಗಳ ಮಕ್ಕಳಿಗಾಗಿಯೇ ಇದ್ದ ಒಂದು ವಸತಿಶಾಲೆಗೆ ಹಾಕಿದರು. ಚಳಿ, ಕೆಟ್ಟ ಊಟ, ಕಠಿಣ ಶಿಸ್ತು. ಮರಿಯಾ ಮತ್ತು ಎಲಿಜಬೆತ್ ಇಬ್ಬರೂ ಕ್ಷಯ ಹಿಡಿದು ಮನೆಗೆ ಬಂದರು. 1825ರ ಮೇ ತಿಂಗಳಲ್ಲಿ ಒಬ್ಬಳು, ಜೂನ್‌ನಲ್ಲಿ ಇನ್ನೊಬ್ಬಳು ಹೋದರು. ಒಂಬತ್ತು ವರ್ಷದ ಷಾರ್ಲೆಟ್ ಇದ್ದಕ್ಕಿದ್ದ ಹಾಗೆ ಮನೆಯ ಹಿರಿಯ ಅಕ್ಕ ಆದಳು.

ಒಂದು ವರ್ಷ ಕಳೆದು, 1826ರ ಜೂನ್‌ನಲ್ಲಿ, ತಂದೆ ಲೀಡ್ಸ್‌ಗೆ ಹೋದವರು ಮಗನಿಗೆ ಒಂದು ಪೆಟ್ಟಿಗೆ ತಂದರು. ಒಳಗೆ ಹನ್ನೆರಡು ಮರದ ಸೈನಿಕರು. ಬೆಳಿಗ್ಗೆ ಎದ್ದ ಬ್ರ್ಯಾನ್‌ವೆಲ್ ಪೆಟ್ಟಿಗೆ ಹಿಡಿದು ಅಕ್ಕತಂಗಿಯರ ರೂಮಿಗೆ ಓಡಿದ. ಷಾರ್ಲೆಟ್ ಹಾಸಿಗೆಯಿಂದ ಹಾರಿ ಬಂದು ಎಲ್ಲಕ್ಕಿಂತ ಚೆಂದದ ಸೈನಿಕನನ್ನು ಎತ್ತಿಕೊಂಡು ಇವನು ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಘೋಷಿಸಿದಳು. ವೆಲಿಂಗ್ಟನ್ ಅಂದರೆ ವಾಟರ್‌ಲೂ ಗೆದ್ದ ಸೇನಾಪತಿ, ಅವಳ ಹೀರೊ. ಬ್ರ್ಯಾನ್‌ವೆಲ್ ತಕ್ಷಣ ಎದುರಾಳಿ ಬೋನಾಪಾರ್ಟೆಯನ್ನು ಆರಿಸಿಕೊಂಡ. ಎಮಿಲಿಯ ಸೈನಿಕನ ಮುಖ ಗಂಭೀರವಾಗಿತ್ತು, ಅವನಿಗೆ ಗ್ರೇವಿ ಅಂತ ಹೆಸರಾಯಿತು. ಆ್ಯನ್‌ಳದ್ದು ಅವಳಷ್ಟೇ ಪುಟ್ಟದು, ಅವನು ವೇಟಿಂಗ್ ಬಾಯ್.

ಇಲ್ಲಿ ಒಂದು ವಿಷಯ ಗಮನಿಸಿ. ಪೆಟ್ಟಿಗೆ ಬ್ರ್ಯಾನ್‌ವೆಲ್‌ದು. ಕೊಡಲ್ಲ ಅಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಕೊಟ್ಟ. ಆಮೇಲೆ ಅವನ ಬಗ್ಗೆ ಕೆಟ್ಟದ್ದು ತುಂಬಾ ಹೇಳಬೇಕಾಗುತ್ತೆ, ಹಾಗಾಗಿ ಇದನ್ನು ಮೊದಲೇ ಹೇಳಿಬಿಡ್ತೀವಿ.

ಆ ಹನ್ನೆರಡು ಜನ ಹಡಗು ಹತ್ತಿ ಆಫ್ರಿಕಾದ ಪಶ್ಚಿಮ ತೀರಕ್ಕೆ ಹೋದರು. ಗ್ಲಾಸ್ ಟೌನ್ ಎಂಬ ರಾಜ್ಯ ಕಟ್ಟಿದರು. ಅದಕ್ಕೆ ನಕ್ಷೆ ಬಂತು, ಸಂಸತ್ತು ಬಂತು, ಯುದ್ಧ ಬಂತು, ಪತ್ರಿಕೆಯೂ ಬಂತು. 1829ರ ಜನವರಿಯಲ್ಲಿ ಬ್ರ್ಯಾನ್‌ವೆಲ್ ಶುರುಮಾಡಿದ ಪತ್ರಿಕೆಗೆ ಆಗಸ್ಟ್‌ನಲ್ಲಿ ಷಾರ್ಲೆಟ್ ಸಂಪಾದಕಿಯಾದಳು. ಓದುಗರು ಮರದ ಸೈನಿಕರು ತಾನೇ, ಹಾಗಾಗಿ ಪುಸ್ತಕವೂ ಅವರ ಕೈಗೆ ಹಿಡಿಯುವಷ್ಟೇ ಇರಬೇಕು. ಬೆಂಕಿಪೊಟ್ಟಣದ ಅಳತೆ, ಅಚ್ಚಿನ ಅಕ್ಷರದ ಹಾಗೆ ಕಾಣುವ ಸಾಸಿವೆ ಕಾಳಿನಂಥ ಬರಹ, ರದ್ದಿ ಕಾಗದದ ಹೊದಿಕೆ, ಸೂಜಿದಾರದ ಹೊಲಿಗೆ. ಹದಿಮೂರು ಹದಿನಾಲ್ಕು ವರ್ಷದ ಹುಡುಗಿ ಮಾಡಿದ ಅಂಥ ಒಂದು ಪುಸ್ತಕವನ್ನು 2019ರಲ್ಲಿ ಪ್ಯಾರಿಸ್ ಹರಾಜಿನಲ್ಲಿ ಹಾವರ್ತ್‌ನ ಬ್ರಾಂಟೆ ಮ್ಯೂಸಿಯಂ 6 ಲಕ್ಷ ಯೂರೋಗೆ ಕೊಂಡಿತು.

ಈ ಆಟದಲ್ಲಿ ಮಕ್ಕಳಿಗೆ ಎರಡು ಕೆಲಸ. ಸೈನಿಕರ ಪಾತ್ರ ಮಾಡೋದು ಒಂದು. ಇನ್ನೊಂದು, ನಾಲ್ವರೂ ಆ ಲೋಕವನ್ನು ಕಾಯುವ ಜೀನೀಗಳು, ಅಂದರೆ ದೈವಗಳು. ಟ್ಯಾಲಿ, ಬ್ರ್ಯಾನಿ, ಎಮ್ಮಿ, ಆ್ಯನಿ ಅಂತ ಅವಕ್ಕೆ ಹೆಸರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ನಾಲ್ಕೂ ಜನ ಪ್ಲೇಯರ್, ನಾಲ್ಕೂ ಜನ ಗೇಮ್ ಮಾಸ್ಟರ್. ಯುದ್ಧದಲ್ಲಿ ಸತ್ತವರನ್ನು ಜೀನೀಗಳು ಬದುಕಿಸಬಹುದು. ಇರೋದೇ ಹನ್ನೆರಡು ಸೈನಿಕರು, ಸತ್ತ ಮೇಲೆ ನಾಳೆ ಆಟಕ್ಕೆ ಯಾರು? ರೀಸ್ಪಾನ್ ಅನ್ನೋದು ಅವರಿಗೆ ಅನಿವಾರ್ಯವಾಗಿತ್ತು. ಆದರೆ ಇಬ್ಬರು ಅಕ್ಕಂದಿರನ್ನು ಆಗಷ್ಟೇ ಕಳೆದುಕೊಂಡ ಮಕ್ಕಳು ಸತ್ತವರನ್ನು ಎಬ್ಬಿಸುವ ಶಕ್ತಿಯನ್ನು ತಮಗೆ ತಾವೇ ಕೊಟ್ಟುಕೊಂಡರು ಅನ್ನೋದನ್ನು ಓದಿದಾಗ ನಮಗೆ ಅದು ಬರೀ ರೂಲ್ ಅನ್ನಿಸಲಿಲ್ಲ.

1831ರ ಜನವರಿಯಲ್ಲಿ ಷಾರ್ಲೆಟ್ ರೋ ಹೆಡ್ ಎಂಬ ಶಾಲೆಗೆ ಓದಲು ಹೋದಳು. ಆ ಹೊತ್ತಿಗೆ ಆಟದಲ್ಲಿ ಒಂದು ಸಮಸ್ಯೆ ಬೆಳೆದಿತ್ತು. ಮುಖ್ಯ ಪಾತ್ರಗಳೆಲ್ಲ ದೊಡ್ಡವರಿಬ್ಬರದ್ದೇ. ವೆಲಿಂಗ್ಟನ್ ಎದುರು ಬೋನಾಪಾರ್ಟೆ, ಉಳಿದವರು ಚಪ್ಪಾಳೆ ತಟ್ಟಬೇಕು. ಅಕ್ಕ ಊರಲ್ಲಿಲ್ಲದ ಸಮಯ ನೋಡಿ ಎಮಿಲಿ ಮತ್ತು ಆ್ಯನ್ ಎದ್ದು ಹೋಗಿ ತಮ್ಮದೇ ಲೋಕ ಕಟ್ಟಿಕೊಂಡರು. ಪೆಸಿಫಿಕ್ ಸಾಗರದ ಉತ್ತರದಲ್ಲೊಂದು ದ್ವೀಪ, ಹೆಸರು ಗೊಂಡಾಲ್. ಆಟದಲ್ಲಿ ಜಾಗ ಕೊಡದಿದ್ದರೆ ಆಟಗಾರರು ಜಗಳ ಆಡಲ್ಲ, ಸುಮ್ಮನೆ ಎದ್ದು ಹೋಗ್ತಾರೆ. ಈ ತಪ್ಪಿನಲ್ಲಿ ಷಾರ್ಲೆಟ್‌ಳ ಪಾಲೂ ಇತ್ತು.

ಉಳಿದ ಇಬ್ಬರು 1834ರಲ್ಲಿ ಆಂಗ್ರಿಯಾ ಎಂಬ ಹೊಸ ರಾಜ್ಯ ಮಾಡಿದರು. ಷಾರ್ಲೆಟ್ ಈಗ ವೆಲಿಂಗ್ಟನ್‌ನನ್ನು ಬಿಟ್ಟು ಅವನ ಮಗನ ಬೆನ್ನು ಹತ್ತಿದ್ದಳು. ಅವನು ಡ್ಯೂಕ್ ಆಫ್ ಝಮೋರ್ನಾ: ಸುಂದರ, ಅಹಂಕಾರಿ, ಹೆಣ್ಣುಗಳ ಮನಸ್ಸು ಒಡೆಯುವವನು. ಬ್ರ್ಯಾನ್‌ವೆಲ್‌ನ ಪಾತ್ರ ಅಲೆಕ್ಸಾಂಡರ್ ಪರ್ಸಿ, ಅರ್ಥಾತ್ ನಾರ್ತ್ಯಾಂಗರ್‌ಲ್ಯಾಂಡ್: ದಂಗೆಕೋರ, ಯಾರನ್ನೂ ನಂಬದವನು. ಪರ್ಸಿಯ ಮಗಳು ಮೇರಿಯನ್ನು ಝಮೋರ್ನಾ ಮದುವೆಯಾಗಿದ್ದ. ಮಾವ ಅಳಿಯನ ಯುದ್ಧದಲ್ಲಿ ನಡುವೆ ಸಿಕ್ಕಿಕೊಂಡವಳು ಅವಳು. ತಮ್ಮನಿಗೆ ಸೈನ್ಯ, ಮಂತ್ರಿಮಂಡಲ, ಯುದ್ಧದ ಲೆಕ್ಕ ಇಷ್ಟ. ಅಕ್ಕನಿಗೆ ಒಬ್ಬರ ಮನಸ್ಸಿನಲ್ಲಿ ಏನು ನಡೀತಿದೆ ಅನ್ನೋದು ಇಷ್ಟ. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಉತ್ತರ ಬರೆಯಬೇಕು. ಈ ಎಳೆದಾಟದಿಂದಲೇ ಆಂಗ್ರಿಯಾ ಇಷ್ಟು ದೊಡ್ಡದಾಯಿತು. ಒಬ್ಬರೇ ಆಡಿದ್ದರೆ ಆಗುತ್ತಿರಲಿಲ್ಲ.

1835ರಲ್ಲಿ ಷಾರ್ಲೆಟ್ ಅದೇ ರೋ ಹೆಡ್‌ಗೆ ಟೀಚರ್ ಆಗಿ ಹೋದಳು. ದಿನವಿಡೀ ವ್ಯಾಕರಣ ಹೇಳಿಕೊಡಬೇಕು, ಮನಸ್ಸೆಲ್ಲ ಆಂಗ್ರಿಯಾದಲ್ಲಿ. 1836ರಲ್ಲಿ ಅವಳು ದೂರ ಇದ್ದಾಗ ಮನೆಯಲ್ಲಿದ್ದ ಬ್ರ್ಯಾನ್‌ವೆಲ್ ತನ್ನ ಕಥೆಯಲ್ಲಿ ಮೇರಿಯನ್ನು ಸಾಯಿಸಿಬಿಟ್ಟ. ಷಾರ್ಲೆಟ್‌ಗೆ ಪೂರ್ತಿ ಸುದ್ದಿ ಗೊತ್ತಿಲ್ಲ. ಅವನು ನಿಜವಾಗಲೂ ಕೊಂದನಾ, ಹೂತೂ ಆಯಿತಾ, ಅವಳು ಒಬ್ಬಳೇ ಆ ತಣ್ಣನೆ ಮಣ್ಣಿನಲ್ಲಿ ಮಲಗಿದ್ದಾಳಾ ಎಂದು ಚಡಪಡಿಸಿ ರೋ ಹೆಡ್‌ನ ಹಾಳೆಗಳಲ್ಲಿ ಬರೆದುಕೊಂಡಳು. ಆಗ ಅವಳಿಗೆ 20 ವರ್ಷ, ನಮಗಿಂತ ಒಂದು ವರ್ಷ ದೊಡ್ಡವಳು. ಇದನ್ನು ಓದಿದಾಗ ನಮ್ಮ ರೂಮಿನಲ್ಲಿ ಯಾರೂ ಮಾತಾಡಲಿಲ್ಲ.

ಷಾರ್ಲೆಟ್ ಏನು ಮಾಡಿದಳು ಗೊತ್ತಾ? ಆಟ ಬಿಡಲಿಲ್ಲ, ಸೇಡಿಗೆ ನಾರ್ತ್ಯಾಂಗರ್‌ಲ್ಯಾಂಡ್‌ನನ್ನು ಕೊಲ್ಲಲೂ ಇಲ್ಲ. ರಜೆಗೆ ಮನೆಗೆ ಬಂದಾಗ ತನ್ನ ಸರದಿಯ ಕಥೆಯಲ್ಲಿ ಮೇರಿಯನ್ನು ವಾಪಸ್ ಬದುಕಿಸಿದಳು. ತಮ್ಮನ ಯುದ್ಧ ಯುದ್ಧವಾಗಿಯೇ ಉಳಿಯಿತು, ಸೋತವರು ಸೋತರು. ಅವನ ನಡೆಗೆ ಅವಳದೊಂದು ನಡೆ, ಅಷ್ಟೆ.

ಆದರೆ ಆಟ ಅವಳನ್ನೂ ಹಿಡಿದಿತ್ತು. ಪಾಠದ ನಡುವೆ ಆಂಗ್ರಿಯಾದ ದೃಶ್ಯಗಳು ಕಣ್ಣೆದುರು ಬರೋವು, ಪ್ರಶ್ನೆ ಕೇಳಲು ಬಂದ ವಿದ್ಯಾರ್ಥಿನಿಯ ಮೇಲೆ ಸಿಟ್ಟು ಬರೋದು. ಕಣ್ಣು ಮುಚ್ಚಿಕೊಂಡೇ ಗೀಚಿದ ಸಾಲುಗಳೂ ಇವೆ. 1836ರ ಕೊನೆಗೆ ರಾಜಕವಿ ರಾಬರ್ಟ್ ಸದೇಗೆ ತನ್ನ ಪದ್ಯ ಕಳಿಸಿದಳು. ಮರುವರ್ಷ ಬಂದ ಉತ್ತರದಲ್ಲಿ ಎರಡು ಮಾತಿದ್ದವು. ಸಾಹಿತ್ಯ ಹೆಂಗಸಿನ ಕಸುಬಾಗಲು ಸಾಧ್ಯವಿಲ್ಲ ಎಂಬುದು ಒಂದು. ಸದಾ ಹಗಲುಗನಸಿನಲ್ಲಿದ್ದರೆ ಮಾಮೂಲಿ ಬದುಕು ರುಚಿಸದೆ ಹೋಗುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಅವಳು ಸುಳ್ಳು ಮಾಡಿದಳು. ಎರಡನೆಯದು ಅವಳಿಗೂ ಗೊತ್ತಿದ್ದ ನೋವು. 1839ರ ಸುಮಾರಿಗೆ ಅವಳು ಆಂಗ್ರಿಯಾಕ್ಕೆ ವಿದಾಯ ಬರೆದಳು. ಉರಿಬಿಸಿಲಿನ ಆ ನಾಡು ಬಿಟ್ಟು ತಂಪಾದ, ಮೋಡ ಕವಿದ ಸಾಮಾನ್ಯ ಊರಿಗೆ ಹೋಗಬೇಕು, ಆದರೆ ಹಳೆಯ ಗೆಳೆಯರನ್ನೆಲ್ಲ ಬಿಟ್ಟ ಹಾಗಾಗುತ್ತೆ ಅನ್ನುವ ಅರ್ಥದ ಒಂದು ಚಿಕ್ಕ ಬರಹ ಅದು. ಹದಿಮೂರು ವರ್ಷದ ಕ್ಯಾಂಪೇನ್ ಮುಗಿಯಿತು.

ಬ್ರ್ಯಾನ್‌ವೆಲ್‌ಗೆ ಹಾಗೆ ಎದ್ದು ಬರಲು ಆಗಲಿಲ್ಲ. ಅವನಿಗೆ ಪ್ರತಿಭೆ ಕಮ್ಮಿ ಇರಲಿಲ್ಲ. ಪತ್ರಿಕೆಯಲ್ಲಿ ಪದ್ಯ ಅಚ್ಚಾಗಿದ್ದು ಅಕ್ಕತಂಗಿಯರಿಗಿಂತ ಮೊದಲು ಅವನದೇ, 1841ರಲ್ಲಿ. ಆದರೆ ಪದ್ಯದ ಕೆಳಗೆ ಅವನು ಹಾಕಿದ ಹೆಸರು ನಾರ್ತ್ಯಾಂಗರ್‌ಲ್ಯಾಂಡ್. ರೈಲ್ವೆ ಗುಮಾಸ್ತನ ಕೆಲಸ ಲೆಕ್ಕದ ಹಣ ಕಮ್ಮಿ ಬಂದು ಹೋಯಿತು. ಮನೆಪಾಠದ ಕೆಲಸ 1845ರಲ್ಲಿ ಹೋಯಿತು. ಆಮೇಲೆ ಕುಡಿತ, ಅಫೀಮು. ಚಿಕ್ಕಂದಿನಲ್ಲಿ ಕಟ್ಟಿದ್ದ ಆ ಹಾಳಾದ, ಹೆಮ್ಮೆಯ ಶ್ರೀಮಂತನ ಪಾತ್ರದೊಳಗೆ ಅವನು ಹೋಗಿ ಕೂತುಬಿಟ್ಟ ಅನ್ನಿಸುತ್ತೆ. 1834ರ ಸುಮಾರಿಗೆ ಅವನು ಬರೆದ ಮೂವರು ಸೋದರಿಯರ ಚಿತ್ರ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಮಧ್ಯದಲ್ಲಿ ಅವನೂ ಇದ್ದ. ಅದರ ಮೇಲೆ ಒಂದು ಕಂಬ ಬಳಿಯಲಾಗಿದೆ.

ಹಾಗಾದರೆ ದೊಡ್ಡವರಾದ ಮೇಲೆ ಆಟ ಆಡೋದೇ ತಪ್ಪಾ? ಎಮಿಲಿ, ಆ್ಯನ್ ಕಥೆ ನೋಡಿದರೆ ಹಾಗೇನಿಲ್ಲ. 1845ರ ಜೂನ್ ಕೊನೆಯಲ್ಲಿ ಅವರಿಬ್ಬರೇ ಯಾರ್ಕ್ ಪಟ್ಟಣಕ್ಕೆ ಪ್ರವಾಸ ಹೋದರು. ದಾರಿಯುದ್ದಕ್ಕೂ ಗೊಂಡಾಲ್‌ನ ಪಾತ್ರಗಳಾಗಿ, ಶಾಲೆಯಿಂದ ತಪ್ಪಿಸಿಕೊಂಡು ರಾಜನ ಪಕ್ಷ ಸೇರಲು ಓಡುವವರಾಗಿ ಆಡಿದರು ಅಂತ ಎಮಿಲಿ ಖುಷಿಯಿಂದ ಬರೆದಿಟ್ಟಿದ್ದಾಳೆ. ಆಗ ಎಮಿಲಿಗೆ 26, ಆ್ಯನ್‌ಗೆ 25. ನೋಡುವವರಿಲ್ಲ, ಗೆಲ್ಲುವವರಿಲ್ಲ. ಮನೆಗೆ ಬಂದ ಮೇಲೆ ಅಡುಗೆ, ಇಸ್ತ್ರಿ, ಬರವಣಿಗೆ ಎಂದಿನಂತೆ ನಡೀತಿತ್ತು.

ಅದೇ ವರ್ಷ ಷಾರ್ಲೆಟ್ ಕೈಗೆ ಎಮಿಲಿಯ ಪದ್ಯಗಳ ಪುಸ್ತಕ ಸಿಕ್ಕಿತು. ಕೇಳದೆ ಓದಿದಳು. ಎಮಿಲಿ ಕೆಂಡವಾದಳು, ಸಮಾಧಾನ ಮಾಡಲು ದಿನಗಳೇ ಬೇಕಾದವು. ಕೊನೆಗೆ ಮೂವರ ಪದ್ಯಗಳನ್ನೂ ಸೇರಿಸಿ ಅಚ್ಚು ಹಾಕಿಸಲು ಒಪ್ಪಿಗೆಯಾಯಿತು, ಗೊಂಡಾಲ್‌ನ ಗುರುತುಗಳನ್ನು ತೆಗೆದು, ಸ್ವಂತ ಹೆಸರು ಮುಚ್ಚಿಟ್ಟು. ಕರರ್ ಬೆಲ್, ಎಲಿಸ್ ಬೆಲ್, ಆ್ಯಕ್ಟನ್ ಬೆಲ್. ಹೆಂಗಸರು ಬರೆದದ್ದು ಅಂದರೆ ವಿಮರ್ಶಕರು ಬೇರೆಯೇ ತಕ್ಕಡಿಯಲ್ಲಿ ತೂಗುತ್ತಿದ್ದ ಕಾಲ ಅದು. 1846ರಲ್ಲಿ ಪುಸ್ತಕ ಬಂತು. ಒಂದು ವರ್ಷದಲ್ಲಿ ಮಾರಾಟವಾದದ್ದು ಎರಡು ಪ್ರತಿ.

ಷಾರ್ಲೆಟ್‌ಳ ಮೊದಲ ಕಾದಂಬರಿ ‘ದಿ ಪ್ರೊಫೆಸರ್’ ಹಸ್ತಪ್ರತಿ ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆದು ವಾಪಸ್ ಬರುತ್ತಲೇ ಇತ್ತು. ಅದರಲ್ಲಿ ಕಥೆ ಹೇಳುವವನು ಗಂಡಸು. ಆಂಗ್ರಿಯಾದ ಕಥೆಗಳಲ್ಲೂ ಅವಳು ಗಂಡಸಿನ ಬಾಯಿಂದಲೇ ಹೇಳಿಸುತ್ತಿದ್ದಳು. ಹತ್ತು ವರ್ಷದವಳಿದ್ದಾಗ ಪೆಟ್ಟಿಗೆಯಿಂದ ಅತಿ ಬಲಶಾಲಿಯನ್ನು ಎತ್ತಿಕೊಂಡವಳಲ್ವಾ. ಮುಂದಿನ ಕಾದಂಬರಿಗೆ ಅವಳು ಪೆಟ್ಟಿಗೆಯ ಅತಿ ಚಿಕ್ಕದನ್ನು ಎತ್ತಿಕೊಂಡಳು. ಅನಾಥೆ, ಕುಳ್ಳಿ, ಚೆಂದ ಇಲ್ಲ, ಕೈಯಲ್ಲಿ ಕಾಸಿಲ್ಲ, ಮನೆಪಾಠದ ಕೆಲಸ. ಜೇನ್ ಐರ್. ಅಕ್ಕಂದಿರನ್ನು ಬಲಿ ತೆಗೆದುಕೊಂಡ ಶಾಲೆ ಅದರಲ್ಲಿ ಲೋವುಡ್ ಎಂಬ ಹೆಸರಲ್ಲಿ ಬಂತು, ಅಕ್ಕ ಮರಿಯಾ ಹೆಲೆನ್ ಬರ್ನ್ಸ್ ಆಗಿ ಬಂದಳು. ಈ ಸಲ ಹೆಲೆನ್ ಸತ್ತಾಗ ಬದುಕಿಸಲು ಯಾವ ಜೀನೀಯೂ ಬರಲಿಲ್ಲ.

1847ರ ಅಕ್ಟೋಬರ್‌ನಲ್ಲಿ ಪುಸ್ತಕ ಬಂತು, ಮುಖಪುಟದಲ್ಲಿ ಆತ್ಮಕಥೆ ಅಂತ, ಸಂಪಾದಕ ಕರರ್ ಬೆಲ್ ಅಂತ. ಊರೆಲ್ಲ ಅದೇ ಮಾತು. ಡಿಸೆಂಬರ್‌ನಲ್ಲಿ ಎಮಿಲಿಯ ‘ವುದರಿಂಗ್ ಹೈಟ್ಸ್’, ಆ್ಯನ್‌ಳ ‘ಆ್ಯಗ್ನೆಸ್ ಗ್ರೇ’ ಕೂಡ ಬಂದವು. ಮೂರೂ ಬೆಲ್‌ಗಳು ಒಬ್ಬನೇ ಮನುಷ್ಯ ಎಂಬ ಗಾಳಿಸುದ್ದಿ ಹಬ್ಬಿ ಪ್ರಕಾಶಕರಿಗೆ ತಲೆನೋವಾದಾಗ, 1848ರ ಜುಲೈನಲ್ಲಿ ಷಾರ್ಲೆಟ್ ಮತ್ತು ಆ್ಯನ್ ರಾತ್ರಿ ರೈಲು ಹಿಡಿದು ಲಂಡನ್‌ಗೆ ಹೋದರು. ಪ್ರಕಾಶಕ ಜಾರ್ಜ್ ಸ್ಮಿತ್ ಕೈಗೆ, ಅವನೇ ಕರರ್ ಬೆಲ್‌ಗೆ ಬರೆದ ಪತ್ರವನ್ನು ಷಾರ್ಲೆಟ್ ಕೊಟ್ಟಳು. ಎದುರಿಗಿರುವ ಪುಟ್ಟ ಹೆಂಗಸೇ ಕರರ್ ಬೆಲ್ ಎಂದು ಅವನಿಗೆ ಅರ್ಥವಾಗಲು ಕ್ಷಣ ಬೇಕಾಯಿತು. ಮೋಸದ ಆರೋಪ ಬಂದಾಗ ಮುಖವಾಡ ತೆಗೆಯಬೇಕು ಅಂತ ಅವಳಿಗೆ ಗೊತ್ತಿತ್ತು. ಆದರೆ ನಾವು ಮೂವರು ಸೋದರಿಯರು ಅಂತ ಹೇಳಿ ಎಮಿಲಿಯ ಗುಟ್ಟನ್ನೂ ಬಿಟ್ಟುಕೊಟ್ಟಳು. ಎಮಿಲಿಗೆ ಮತ್ತೆ ಸಿಟ್ಟು ಬಂತು. ಇನ್ನೊಬ್ಬರ ಮುಖವಾಡ ನಾವು ತೆಗೆಯೋ ಹಾಗಿಲ್ಲ ಅನ್ನೋದು ಅವಳ ನ್ಯಾಯ.

ಆಮೇಲೆ ನಡೆದದ್ದನ್ನು ಬೇಗ ಹೇಳಿಬಿಡ್ತೀವಿ. 1848ರ ಸೆಪ್ಟೆಂಬರ್‌ನಲ್ಲಿ ಬ್ರ್ಯಾನ್‌ವೆಲ್ ತೀರಿಕೊಂಡ, 31 ವರ್ಷ. ಸೋದರಿಯರು ಕಾದಂಬರಿ ಪ್ರಕಟಿಸಿದ್ದು ಅವನಿಗೆ ತಿಳಿದೇ ಇರಲಿಲ್ಲ ಎಂದು ಷಾರ್ಲೆಟ್ ಬರೆದಿದ್ದಾಳೆ. ಪೆಟ್ಟಿಗೆ ತಂದವನಿಗೇ ಆಟದಲ್ಲಿ ಜಾಗ ಇಲ್ಲದೆ ಹೋಯಿತು. ಡಿಸೆಂಬರ್‌ನಲ್ಲಿ ಎಮಿಲಿ, 1849ರ ಮೇ ತಿಂಗಳಲ್ಲಿ ಆ್ಯನ್. ಎಂಟು ತಿಂಗಳಲ್ಲಿ ಮೂರು ಸಾವು. ಮೊದಲೆಲ್ಲ ಸೋದರಿಯರು ರಾತ್ರಿ ಊಟದ ಮೇಜಿನ ಸುತ್ತ ನಡೆಯುತ್ತಾ ಕಥೆ ಚರ್ಚಿಸುತ್ತಿದ್ದರು. ಈಗ ಷಾರ್ಲೆಟ್ ಒಬ್ಬಳೇ ನಡೆಯತೊಡಗಿದಳು. ಒಬ್ಬಳೇ ‘ಶರ್ಲಿ’ ಮುಗಿಸಿದಳು, ‘ವಿಲೆಟ್’ ಬರೆದಳು. 1850ರಲ್ಲಿ ತಂಗಿಯರ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿಸಿ ಅವರ ಪರಿಚಯ ಬರೆದಳು. 1854ರ ಜೂನ್‌ನಲ್ಲಿ ತಂದೆಯ ಸಹಾಯಕ ಪಾದ್ರಿ ಆರ್ಥರ್ ನಿಕೊಲ್ಸ್‌ರನ್ನು ಮದುವೆಯಾದಳು. 1855ರ ಮಾರ್ಚ್ 31ರಂದು, 39 ತುಂಬಲು ಮೂರು ವಾರ ಇದ್ದಾಗ, ತೀರಿಕೊಂಡಳು. ಆರೂ ಮಕ್ಕಳನ್ನು ಕಳೆದುಕೊಂಡ ತಂದೆ ಇನ್ನೂ ಆರು ವರ್ಷ ಬದುಕಿದ್ದರು.

ಇದೆಲ್ಲ ಓದಿದ ಮೇಲೆ ನಮ್ಮ ರೂಮಿನಲ್ಲಿ ಒಂದು ಮೀಟಿಂಗ್ ಆಯಿತು. ಪಾತ್ರದ ದನಿ ಚೆನ್ನಾಗಿ ಬರೋದು, ಮೀಸೆ ತಿರುವೋದು, ದೊಡ್ಡ ಡೈಲಾಗ್ ಹೊಡೆಯೋದು, ಇದೇ ಒಳ್ಳೆ ರೋಲ್ ಪ್ಲೇ ಅಂತ ನಾವು ಅಂದುಕೊಂಡಿದ್ದೆವು. ಈಗ ಹಾಗೆ ಅನ್ನಿಸ್ತಿಲ್ಲ. ಎದುರಿಗಿರುವವನ ಕಥೆಗೂ ಜಾಗ ಬಿಡಬೇಕು. ಅವನಿಲ್ಲದಾಗ ಅವನದನ್ನು ಮುಟ್ಟಬಾರದು. ನಮಗೆ ಹೇಳಲು ಧೈರ್ಯ ಇಲ್ಲದ್ದನ್ನು ಪಾತ್ರದ ಬಾಯಲ್ಲಿ ಹೇಳಬಹುದು, ಆದರೆ ನಾವು ಮಾಡಿದ ತಪ್ಪಿಗೆ ಪಾತ್ರದ ಹೆಸರು ಹೇಳಿ ಅಡಗಿಕೊಳ್ಳಬಾರದು. ನನ್ನ ಪಾತ್ರ ಇರೋದೇ ಹಾಗೆ, ಅದಕ್ಕೇ ಕೊಂದೆ ಅಂತ ಅವತ್ತು ನಮ್ಮ ಗೆಳೆಯ ಹೇಳಿದ್ದ. ಅವನ ಜೊತೆ ನಕ್ಕ ನಾವೂ ಅಷ್ಟೇ ತಪ್ಪಿತಸ್ಥರು.

ಕೊಂದವನೇ ಹೋಗಿ ಆ ಗೆಳೆಯನ ರೂಮಿನ ಬಾಗಿಲು ತಟ್ಟಿದ. ಅವರಿಬ್ಬರು ಏನು ಮಾತಾಡಿದರೋ ನಾವು ಕೇಳಲಿಲ್ಲ. ಸತ್ತ ಪಾತ್ರವನ್ನು ಬದುಕಿಸೋಣವಾ ಅಂದಾಗ ಅವನು ಬೇಡ ಅಂದ. ಅವನಿಗೊಂದು ಒಳ್ಳೆ ಶವಸಂಸ್ಕಾರ ಮಾಡಿ, ಎಲ್ಲರೂ ಎರಡು ಮಾತು ಹೇಳಿ, ಆಮೇಲೆ ಹೊಸ ಪಾತ್ರ ತರ್ತೀನಿ ಅಂದ. ಇಂಟರ್ನಲ್ಸ್ ಮುಗಿದ ಮೊದಲ ಶನಿವಾರ ಅದೇ ನಮ್ಮ ಮೊದಲ ಸೆಶನ್. ದಾಳ ನಮ್ಮ ಹತ್ರ ಇದೆ, ಒಂದು ಕುರ್ಚಿ ಖಾಲಿ ಇದೆ. ಆಸಕ್ತಿ ಇದ್ದವರು ಕ್ಲಬ್ ರೂಮಿನಲ್ಲಿ ಹೆಸರು ಕೊಡಿ.